ಗಿರೀಶ ಅಂಕಲ್ ಬರುವ ಮುಂಚೆ

ನಾಗಾನೋ ಸೀಮೆಯ ಒಂದು ಹಳ್ಳಿ, ಜಪಾನ್
ಸೆಪ್ಟೆಂಬರ್ 5, 2026

ನನ್ನ ಮುದ್ದಿನ ಅಜ್ಜಿಗೆ ಹೃಷಿ ಮಾಡುವ ನಮಸ್ಕಾರ.

ಮಂಡಿನೋವು ಹೇಗಿದೆ? ಸ್ಟರ್ಲಿಂಗ್ ಹೈಟ್ಸ್‌ನಲ್ಲಿ ಚಳಿ ಶುರುವಾಗುವ ಮುಂಚೆ ಸಬ್‌ಡಿವಿಷನ್ನಿನ ಮನೆಗಳ ಸುತ್ತ ಒಂದು ಸುತ್ತಾದರೂ ನಡೆಯುತ್ತಿದ್ದೀಯಾ, ಇಲ್ಲ ಮೇಲ್‌ಬಾಕ್ಸಿನವರೆಗೆ ಹೋಗಿ "ಆಯ್ತು" ಅಂತ ಬಂದುಬಿಡುತ್ತೀಯಾ? ಅಪ್ಪ ಕೆಲಸ ಮುಗಿಸಿ ಡಿಯರ್‌ಬಾರ್ನ್‌ನಿಂದ ಬರುವ ಹೊತ್ತಿಗೆ ನೀನು ಕಿಟಕಿಯ ಹತ್ತಿರ ಕೂತಿರುತ್ತೀಯ. ಆಗ ನನಗೆ ಮರುದಿನದ ಬೆಳಗು.

ಕಳೆದ ವಾರ ಫೋನಿನಲ್ಲಿ ನೀನು ಹೇಳಿದ್ದು ಕಿವಿಯಲ್ಲೇ ಇದೆ. "ಲಿಸ್ಲ್‌ನ ಗಿರೀಶ ಅಕ್ಟೋಬರಿನಲ್ಲಿ ಜಪಾನಿಗೆ ಬರ್ತಾನಂತೆ, ನಿನ್ನ ನೋಡ್ಬೇಕಂತೆ. ಕಾರ್ ಕಂಪನಿಲಿ ಟ್ರೇನಿಂಗ್ ನಡೀತಿದೆಯಾ ಅಂತ ಕೇಳಿದ್ರೆ ಹೂಂ ಅಂದ್ಬಿಡು ಪುಟ್ಟಾ. ನಿಮ್ಮಪ್ಪ ಎಲ್ಲರ ಹತ್ರ ಹಾಗೇ ಹೇಳ್ಕೊಂಡಿದಾನೆ." ನಾನು ಕಾಲೇಜು ಅರ್ಧಕ್ಕೆ ಬಿಟ್ಟೆ ಅನ್ನುವುದು ಅಪ್ಪನ ಇಪ್ಪತ್ತು ವರ್ಷದ ಸ್ನೇಹಿತನಿಗೇ ಗೊತ್ತಿಲ್ಲ. ಹೂಂ ಅನ್ನುವುದೋ ಬೇಡವೋ ಅಂತ ವಾರವಿಡೀ ಗದ್ದೆ ಬದುವಿನ ಮೇಲೆ ಓಡಾಡಿದೆ.

ಇಲ್ಲಿ ಓಡಾಡಿದರೆ ಯಾವ ಯೋಚನೆಯೂ ಗಟ್ಟಿಯಾಗಿ ನಿಲ್ಲುವುದಿಲ್ಲ ಅಜ್ಜಿ. ಬೆಳಿಗ್ಗೆ ಮಂಜು ಬೆಟ್ಟದಿಂದಿಳಿದು ಕೆನೆಯ ಹಾಗೆ ಹರಡಿಕೊಳ್ಳುತ್ತದೆ. ಒಂದೇ ಬೋಗಿಯ ರೈಲು ಅದರೊಳಗೆ ಹೊಕ್ಕು ಎಷ್ಟೋ ಹೊತ್ತಿನ ಮೇಲೆ ಆಚೆ ಬರುತ್ತದೆ. ಹತ್ತುವವರು ಇಳಿಯುವವರು ಯಾರೂ ಇಲ್ಲದಿದ್ದರೂ ಡ್ರೈವರ್ ಬಿಳಿ ಗ್ಲೋವ್ಸ್ ಹಾಕಿದ ಕೈಯಿಂದ ಸಿಗ್ನಲ್ ಕಡೆ ಬೆರಳು ತೋರಿಸಿ, ತನಗೆ ತಾನೇ ಏನೋ ಹೇಳಿಕೊಂಡು ಹೊರಡುತ್ತಾನೆ. ಕೊಯ್ದ ಭತ್ತವನ್ನು ಗಳುಗಳ ಮೇಲೆ ಬಟ್ಟೆ ಒಣಹಾಕಿದ ಹಾಗೆ ತೂಗುಹಾಕಿದ್ದಾರೆ. ಸೇಬಿನ ತೋಟದಲ್ಲಿ ಹಣ್ಣಿಗೆ ಬಿಸಿಲು ಬೀಳಲಿ ಅಂತ ಎಲೆ ಕೀಳುವುದು ನನ್ನ ಕೆಲಸ. ಎಲೆ ಕಿತ್ತರೆ ಹಣ್ಣಿನ ಮೇಲೆ ಅದೇ ಆಕಾರದ ಹಸಿರು ನೆರಳು ಉಳಿದಿರುತ್ತದೆ, ಕೆಲವು ದಿನಗಳಲ್ಲಿ ಅದೂ ಕೆಂಪಾಗುತ್ತದೆ. ಸಂಜೆ ಐದಕ್ಕೆ ಮಕ್ಕಳು ಮನೆಗೆ ಹೋಗಲಿ ಅಂತ ಕಂಬದ ಮೇಲಿನ ಸ್ಪೀಕರಿನಲ್ಲಿ ಒಂದು ರಾಗ ಹಾಕುತ್ತಾರೆ. ಊರಿನಲ್ಲಿರುವುದೇ ನಾಲ್ಕು ಮಕ್ಕಳು. ನಾನೂ ಎದ್ದು ಮನೆಗೆ ಹೋಗುತ್ತೇನೆ.

ಒಂದು ತಮಾಷೆ ಕೇಳು. ತೋಟದೊಡತಿ ಕಿಯೋಕೋ ಅಜ್ಜಿ, ನಿನ್ನ ವಯಸ್ಸಿನವರು, ನಾನು ಬಂದ ಹೊಸದರಲ್ಲಿ ಒಂದು ಬಟ್ಟಲು ಬದನೆಕಾಯಿ ಪಲ್ಯ ಕೊಟ್ಟರು. ಪಾತ್ರೆ ಖಾಲಿ ವಾಪಸ್ ಕೊಡಬಾರದು ಅಂತ ನೀನು ಕಲಿಸಿದ್ದೀಯಲ್ಲ. ಅಮ್ಮ ಪಾರ್ಸೆಲ್ ಮಾಡಿದ ರವೆಯಲ್ಲಿ ಉಪ್ಪಿಟ್ಟು ಮಾಡಿ ತುಂಬಿ ಕೊಟ್ಟೆ. ಇಲ್ಲಿಯವರೂ ಬಂದದ್ದಕ್ಕೆ ತಿರುಗಿ ಕೊಡದೆ ಇರುವಂತಿಲ್ಲವಂತೆ. ಅವರು ಮತ್ತೆ ಬದನೆಕಾಯಿ, ನಾನು ಮತ್ತೆ ಉಪ್ಪಿಟ್ಟು. ಮೂರು ತಿಂಗಳು, ಇಬ್ಬರೂ ಸೊಂಟ ಬಗ್ಗಿಸಿ ವಂದಿಸಿಕೊಂಡು, ಆ ಬಟ್ಟಲನ್ನು ಬೇಲಿ ದಾಟಿಸಿದ್ದೇ ದಾಟಿಸಿದ್ದು. ಮೊನ್ನೆ ತಡೆಯಲಾಗದೆ ಫೋನಿನಲ್ಲಿ ಅವರ ಭಾಷೆಗೆ ತಿರುಗಿಸಿ ತೋರಿಸಿದೆ: ಕ್ಷಮಿಸಿ, ನನಗೆ ಬದನೆಕಾಯಿ ಸೇರುವುದಿಲ್ಲ. ಒಂದು ಗಳಿಗೆ ಅವರ ಮುಖ ಬಿಗಿಯಿತು. ಆಮೇಲೆ ಅಲ್ಲೇ ಕುಕ್ಕರಿಸಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನನ್ನ ಉಪ್ಪಿಟ್ಟೆಲ್ಲ ಕೋಳಿಗಳಿಗೆ ಹೋಗುತ್ತಿತ್ತಂತೆ! ಅವತ್ತು ಮೊದಲ ಸಲ ಇಬ್ಬರೂ ಜಗಲಿಯ ಮೇಲೆ ಸುಮ್ಮನೆ ಕೂತು, ಬೆಟ್ಟ ನೀಲಿಯಾಗುವವರೆಗೆ ಟೀ ಕುಡಿದೆವು.

ಅಪ್ಪನೂ ಗಿರೀಶ ಅಂಕಲ್ಲೂ ಹಾಗೆ ಕೂತು ಎಷ್ಟು ದಿನವಾಯಿತೋ. ಮೊದಲೆಲ್ಲ ಲಾಂಗ್ ವೀಕೆಂಡ್ ಬಂದರೆ ಅಪ್ಪ ಲಿಸ್ಲ್‌ಗೆ, ಅಂಕಲ್ ಮನೆಗೆ, ಡ್ರೈವ್ ಮಾಡುತ್ತಿದ್ದರು. ಈ ವರ್ಷ ಒಂದು ಸಲವೂ ಹೋಗಿಲ್ಲವಂತೆ, ಅಮ್ಮ ಹೇಳಿದಳು. ನನ್ನ ಬಗ್ಗೆ ಕೇಳಿಬಿಟ್ಟರೆ ಏನು ಹೇಳುವುದು ಅಂತ.

ಅಮ್ಮನಿಗೆ ಇನ್ನೂ ರವೆ ಇದೆ ಅಂತ ಹೇಳು. ಮಾತ್ರೆ ಮರೆಯಬೇಡ. ಇಲ್ಲಿಂದಲೇ ಕಾಲಿಗೆ ಬೀಳುತ್ತಿದ್ದೇನೆ, ತಲೆ ಮೇಲೆ ಕೈಯಿಟ್ಟೆ ಅಂದುಕೋ.

ನಿನ್ನ
ಹೃಷಿ

ತಾ.ಕ.: ಮರೆತಿದ್ದಲ್ಲ, ಮೇಲೆ ಬರೆಯುವ ಧೈರ್ಯ ಬರಲಿಲ್ಲ. ಇವತ್ತು ಗಿರೀಶ ಅಂಕಲ್‌ಗೆ ಫೋನ್ ಮಾಡಿ ಎಲ್ಲ ಹೇಳಿಬಿಟ್ಟೆ. "ಹೋಗ್ಲಿ ಬಿಡೋ, ನಿಮ್ಮಪ್ಪನ ಮುಂದೆ ನಂಗೇನೂ ಗೊತ್ತಿಲ್ಲದ ಹಾಗೇ ಇರ್ತೀನಿ" ಅಂದರು. ಇಪ್ಪತ್ತನೇ ತಾರೀಕಿನವರೆಗೆ ಹಾಗಿದ್ದರೆ ಸಾಕು ಅಂಕಲ್ ಅಂದೆ. ಈ ಕಾಗದ ನಿನಗೆ ತಲುಪಲು ಹತ್ತು ದಿನ ಬೇಕು. ಇಪ್ಪತ್ತು ಭಾನುವಾರ, ನಿಮ್ಮ ಬೆಳಿಗ್ಗೆ ಒಂಬತ್ತಕ್ಕೆ, ಅಂಕಲ್‌ಗೆ ಎಲ್ಲ ಹೇಳಿದ್ದೇನೆ ಅಂತ ಅಪ್ಪನಿಗೆ ನಾನೇ ಫೋನಿನಲ್ಲಿ ಹೇಳುತ್ತೇನೆ. ಬಯ್ಯಲಿ. ಆದರೆ ಫೋನ್ ಇಟ್ಟ ಮೇಲೆ ಅವರು ಗರಾಜಿಗೆ ಹೋಗಿ ಕಾರಿನಲ್ಲಿ ಒಬ್ಬರೇ ಕೂತುಬಿಡುತ್ತಾರೆ. ನಾನು ಕಾಲೇಜು ಬಿಟ್ಟ ದಿನವೂ ಹಾಗೇ ಕೂತಿದ್ದರು. ಅವತ್ತು ನಾನು ಬಾಗಿಲ ಸಂದಿಯಲ್ಲಿ ನೋಡಿ ವಾಪಸ್ ಹೋದೆ. ಈ ಸಲ ನೀನು ಹೋಗಿ ಪಕ್ಕದ ಸೀಟಿನಲ್ಲಿ ಕೂತುಕೋ ಅಜ್ಜಿ.