ಹತ್ತು ಸೆಕೆಂಡಿನ ಹಾಡುಗಳು

ಪ್ರೀತಿಯ ವಿಮಲಕ್ಕ,

ರಾಜಾಜಿನಗರದ ನಿಮ್ಮ ಮನೆಯ ಮಹಡಿಯಲ್ಲಿದ್ದ ಸಣ್ಣ ಸ್ಟುಡಿಯೋಗೆ ನಾನು ಮೊದಲು ಬಂದ ದಿನ ನೆನಪಿದೆಯಾ? ಇಡ್ಲಿ ರವೆಯ ಜಾಹೀರಾತಿಗೆ ಒಂದು ಸಾಲು ಹಾಡಬೇಕಿತ್ತು. ಕಲಿತ ಸಂಗೀತವನ್ನೆಲ್ಲ ಆ ಒಂದೇ ಸಾಲಿಗೆ ಸುರಿದೆ. ನೀವು ಟೇಪ್ ನಿಲ್ಲಿಸಿ, "ಚೆನ್ನಾಗಿ ಹಾಡ್ತೀಯ ಕಣೇ ಗಿರಿಜಾ. ಆದ್ರೆ ರವೆ ಎಲ್ಲಿ ಹೋಯ್ತು?" ಎಂದಿರಿ. ಆಮೇಲೆ ಕಿಟಕಿ ತೆಗೆದು ಬೀದಿಯಲ್ಲಿ ಸೊಪ್ಪು ಮಾರುವವಳ ಕೂಗು ಕೇಳಿಸಿದಿರಿ. ಮಾತಿನ ಏರಿಳಿತದಲ್ಲೇ ರಾಗ ಹುಡುಕಬೇಕೆಂದು ಅವತ್ತು ಗೊತ್ತಾಯಿತು.

ಗೋವಿಂದರಾಜನಗರದಲ್ಲಿ ನನ್ನ ತಂಗಿಯ ಮದುವೆ. ಸೋದರಮಾವ ಎಲ್ಲರೆದುರು, "ಇಷ್ಟೆಲ್ಲಾ ಕಲ್ತು ಕೊನೆಗೆ ಸೋಪಿಗೆ ಹಾಡ್ತಿದೀಯಲ್ಲಮ್ಮಾ" ಎಂದು ನಕ್ಕರು. ನನಗೆ ತಲೆ ಎತ್ತಲಾಗಲಿಲ್ಲ. ನೀವು ಊಟದೆಲೆಯ ಮುಂದೆ ಕೂತಲ್ಲಿಂದಲೇ, "ಹೌದು ಸಾರ್. ನಿಮ್ಮನೇಲಿ ಯಾರಾದ್ರೂ ಆ ಸೋಪಿನ ಹಾಡು ಹಾಡ್ತಾರಾ?" ಎಂದು ಕೇಳಿದಿರಿ. ಉತ್ತರ ಕೊಟ್ಟದ್ದು ಅವರ ಮೊಮ್ಮಗಳು, ಹಾಡಿಯೇ.

ನಿಮ್ಮ ಕಾಯಿಲೆ ಹೆಚ್ಚಾಗಿ ನಾನೊಬ್ಬಳೇ ಕೆಲಸ ನೋಡಿಕೊಳ್ಳುತ್ತಿದ್ದಾಗ ತಲೆಗೆಣ್ಣೆ ಕಂಪನಿಯವರು ಬಂದಿದ್ದರಲ್ಲ? ಎಲ್ಲರ ಬಾಯಲ್ಲಿದ್ದ ಒಂದು ಸಿನಿಮಾ ಹಾಡು ಕೇಳಿಸಿ, "ಸೇಮ್ ಇದೇ ಬೇಕು ಮೇಡಂ, ಸ್ವಲ್ಪ ಆ ಕಡೆ ಈ ಕಡೆ ಮಾಡ್ಕೊಡಿ" ಎಂದರು. ಆಗಲ್ಲ ಎಂದೆ. ಎದ್ದು ಹೋದರು. ನಮಗಿದ್ದ ದೊಡ್ಡ ಗಿರಾಕಿ ಅವರೊಬ್ಬರೇ. ಹೆದರುತ್ತಲೇ ನಿಮ್ಮ ಹಾಸಿಗೆಯ ಪಕ್ಕ ಕೂತು ಹೇಳಿದೆ.

"ಕದಿಯಲ್ಲ ಅಂದಿದ್ದು ಸರಿ. ನಿನ್ನದೊಂದು ಕೇಳಿಸಿದ್ಯಾ?"

"ಇಲ್ಲ ಅಕ್ಕ."

"ಹಾಗಿದ್ರೆ ಅರ್ಧ ಕೆಲಸ ಆಗಿದೆ ಅಷ್ಟೇ. ಹೋಗು."

ಮರುದಿನವೇ ಹೊಸ ಟ್ಯೂನ್ ಹಿಡಿದು ವಿಜಯನಗರದ ಅವರ ಆಫೀಸಿಗೆ ಹೋದೆ. ಮತ್ತೆ ಮತ್ತೆ ಹಾಕಿಸಿ ಕೇಳಿದರು. ಕೊನೆಗೆ ಟೀ ತಂದಿಟ್ಟಾಕೆಯೂ ಗುನುಗುತ್ತಾ ಹೊರಗೆ ಹೋದರು. ಒಪ್ಪಿಕೊಂಡರು ಅಕ್ಕ! ಅದು ರೇಡಿಯೋದಲ್ಲಿ ಬರುವ ಹೊತ್ತಿಗೆ ನೀವು...

ಈಗ ಚಂದ್ರಾ ಲೇಔಟಿನಲ್ಲಿ ನನ್ನದೇ ಸ್ಟುಡಿಯೋ ಇದೆ. ಕೊಡೆ, ಪೆನ್ನು, ಉಪ್ಪಿನಕಾಯಿ, ಯಾವುದಕ್ಕೆ ಹಾಡು ಮಾಡಿಲ್ಲ ಹೇಳಿ! ಬಸ್ಸಿನಲ್ಲಿ ಪಕ್ಕ ಕೂತವರು ನನ್ನ ಟ್ಯೂನ್ ಗುನುಗುತ್ತಾರೆ, ಮಾಡಿದ್ದು ಯಾರೆಂದು ಗೊತ್ತಿಲ್ಲದೆ. ನಾನು ಕಿಟಕಿಯ ಕಡೆ ತಿರುಗಿ ನಗುತ್ತೇನೆ. ಹೆಮ್ಮೆಪಟ್ಟರೆ ತಪ್ಪಾ?

ಹೋದ ತಿಂಗಳು ಮಾತಿನ ಚಿಕಿತ್ಸೆ ಕೊಡುವ ಯುವತಿಯೊಬ್ಬಳು ಬಂದಳು. ಪಾರ್ಶ್ವವಾಯುವಾಗಿ ಮಾತು ನಿಂತ ಕೆಲವರಿಗೆ ಹಾಡಲು ಮಾತ್ರ ಬರುತ್ತದಂತೆ. "ದಿನಾ ಬೇಕಾಗೋ ಮಾತಿಗೆ ಪುಟ್ಟ ಪುಟ್ಟ ಟ್ಯೂನ್ ಮಾಡ್ಕೊಡ್ತೀರಾ ಮೇಡಂ?" ಎಂದಳು. ಅನ್ನಪೂರ್ಣೇಶ್ವರಿ ನಗರದ ಒಬ್ಬ ನಿವೃತ್ತ ಬಸ್ ಕಂಡಕ್ಟರ್ ಮನೆಗೆ ಕರೆದುಕೊಂಡು ಹೋದಳು. ಅವರು ಮಾತಾಡದೆ ಎಂಟು ತಿಂಗಳಾಗಿತ್ತು. ಮೊದಲು ಹೇಗೆ ನೀರು ಕೇಳುತ್ತಿದ್ದರೆಂದು ಹೆಂಡತಿ ಸರೋಜಮ್ಮನಿಂದ ಹೇಳಿಸಿಕೊಂಡು, ಅದಕ್ಕೇ ರಾಗ ಕೂಡಿಸಿದೆ. ವಾರಗಟ್ಟಲೆ ಎಲ್ಲರೂ ಸೇರಿ ಹಾಡಿದೆವು. ಅವರ ತುಟಿ ಅಲುಗುತ್ತಿತ್ತು, ಅಷ್ಟೇ.

ಈ ಸೋಮವಾರ ಹಾಡಿದರು ಅಕ್ಕ. "ಸರೋಜಾ, ನೀರು ಕೊಡು."

ಸರೋಜಮ್ಮ ನೀರು ತರಲು ಏಳಲೇ ಇಲ್ಲ. ಅವರ ಕೈ ಹಿಡಿದುಕೊಂಡು, "ಇನ್ನೊಂದ್ಸಲ ಕೇಳ್ರೀ" ಎಂದರು.

ನಿಮ್ಮ,
ಗಿರಿಜಾ