ಕರಿ ಹೀರೋ ಅಣ್ಣನ ಹೆಂಡತಿ

ಚೌಡಾಪುರ ಅಂಚೆ,
ತಾ. ಅಫಜಲಪುರ
೨೩ ಫೆಬ್ರುವರಿ ೧೯೮೬, ರವಿವಾರ

ಪ್ರೀತಿಯ ಕಸ್ತೂರಿಗೆ,

ಗುರುಬಾಯಿಯ ನಮಸ್ಕಾರ. ಅವ್ವನ ಮೊಣಕಾಲು ನೋವು ಈಗ ಹೇಗಿದೆ? ಎಣ್ಣೆ ಹಚ್ಚುತ್ತಿದ್ದೀಯೋ, ಇಲ್ಲ ಜೇವರ್ಗಿಯ ಪೇಷಂಟುಗಳಿಗಷ್ಟೇ ನಿನ್ನ ಕೈಗುಣವೋ?

ನಿನ್ನ ಕಾಗದ ಬಂದು ಎಂಟು ದಿನವಾಯಿತು. ಅದರಲ್ಲಿ ಒಂದು ಪುಟ ತುಂಬಾ ಬೈಗುಳ. ನನ್ನ ಹಿಂದಿನ ಎರಡು ಕಾಗದಗಳಲ್ಲಿ ಬರೀ ಚೈನು, ಬೇರಿಂಗು, ಎದುರುಗಾಳಿ ಇತ್ತಂತೆ, ನರ್ಸಿನ ನೌಕರಿ ಬಿಟ್ಟು ಪಂಕ್ಚರ್ ತೆಗೆಯುವುದಕ್ಕೆ ಸೇರಿದ್ದೇನೋ ಎಂದು ಕೇಳಿದ್ದೀಯೆ. ನೀನು ಕೇಳಿದ್ದು ಸರಿಯೇ ಇದೆ. ಗುಲ್ಬರ್ಗದ ಟ್ರೇನಿಂಗ್ ಹಾಸ್ಟೆಲ್ಲಿನ ಅಂಗಳದಲ್ಲಿ ಸೀಟು ಹಿಡಿದುಕೊಂಡು ನನ್ನ ಹಿಂದೆ ಓಡಿದವಳು ನೀನು. ಆದ್ದರಿಂದ ಯಾರಿಗೂ ಹೇಳದ ಸಂಗತಿಯನ್ನು ನಿನಗೆ ಹೇಳುತ್ತೇನೆ. ಓದಿ ನಗು, ಆದರೆ ಆಳಂದದಲ್ಲಿರುವ ನಮ್ಮ ಅಣ್ಣನಿಗೆ ಮಾತ್ರ ಹೇಳಬೇಡ. ಸ್ಕೂಟರ್ ಕೊಂಡ ಮೇಲೆ ತನ್ನ ಹಳೆಯ ಕರಿ ಹೀರೋ ಸೈಕಲ್ಲನ್ನು ನನಗೆ ಕೊಟ್ಟವನು ಅವನೇ. ಅದು ಈಗ ಎಂಥ ಕಿತಾಪತಿ ಮಾಡಿದೆ ಎಂದು ಗೊತ್ತಾದರೆ ವಾಪಸು ಒಯ್ದಾನು.

ಗಂಡಸರ ಸೈಕಲ್ಲು, ನಡುವೆ ಅಡ್ಡ ದಂಡಿಗೆ. ಹೊಲದ ದಾರಿಯಲ್ಲಿ ಯಾರೂ ಇಲ್ಲದಾಗ ಯಾವುದಾದರೂ ಬದುವಿನ ಮೇಲೆ ಕಾಲಿಟ್ಟು ಏರುತ್ತೇನೆ, ನನ್ನ ಮೂರು ಹಳ್ಳಿ ತಿರುಗುತ್ತೇನೆ. ಟಾರ್ ರಸ್ತೆ ಬಂತೆಂದರೆ ಇಳಿದು ತಳ್ಳಿಕೊಂಡು ಹೋಗುತ್ತೇನೆ. ನೋಡಿದವರು, ಪಾಪ ನರ್ಸಬಾಯಿ ಗಂಡನ ಸೈಕಲ್ಲನ್ನು ರಿಪೇರಿಗೆ ಒಯ್ಯುತ್ತಿದ್ದಾಳೆ ಎಂದುಕೊಳ್ಳುತ್ತಾರೆ. ಅಂದುಕೊಳ್ಳಲಿ. ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡು ಹದಿಮೂರು ವರ್ಷವಾಯಿತು ಎಂದು ಟಾರ್ ರಸ್ತೆಯಲ್ಲಿ ನಿಂತು ಡಂಗುರ ಹೊಡೆಯಲೇ?

ಚೌಡಾಪುರದಲ್ಲಿ ಬೇವಿನ ಗಿಡದ ಕೆಳಗೆ ಮಲಂಗಸಾಬರ ಸೈಕಲ್ ಅಂಗಡಿ. ಒಂದೇ ಬೆಂಚು, ಒಂದು ಪಂಪು, ಪಂಕ್ಚರ್ ನೋಡಲು ಒಂದು ನೀರಿನ ಬುಟ್ಟಿ. ಬೆಂಚಿನ ಪಕ್ಕದ ಕಂಬಕ್ಕೆ ದಾರ ಕಟ್ಟಿ ಒಂದು ನೋಟಬುಕ್ಕು ಮತ್ತು ಒಂದು ಪೆನ್ಸಿಲ್ಲು ತೂಗುಹಾಕಿದ್ದಾರೆ. ರಿಪೇರಿ ಮುಗಿಯುವವರೆಗೆ ಕೂತವರು ಅದರಲ್ಲಿ ಬರೆಯುತ್ತಾರೆ. ಬೆಳಿಗ್ಗೆ ಬಂದವನು ಬರೆದಿದ್ದಕ್ಕೆ ಮಧ್ಯಾಹ್ನ ಬಂದವನು ಉತ್ತರ ಕೊಡುತ್ತಾನೆ, ಮರುದಿನ ಮೂರನೆಯವನು ನಡುವೆ ಮೂಗು ತೂರಿಸುತ್ತಾನೆ. ಹೆಸರು ಬರೆಯುವಂತಿಲ್ಲ. ಒಮ್ಮೆ ಯಾರೋ ಹೆಸರು ಹಾಕಿ ರಸ್ತೆಯ ಕೆಲಸವನ್ನು ಬೈದು ಬರೆದಿದ್ದರಂತೆ, ಅದು ಗುತ್ತೇದಾರನ ಕಣ್ಣಿಗೆ ಬಿದ್ದು ದೊಡ್ಡ ಜಗಳವಾಯಿತಂತೆ. ಅಂದಿನಿಂದ ಮಲಂಗಸಾಬರು, ‘ಮನಿಷಾನ ಹೆಸರು ಬ್ಯಾಡ್ರಿ, ಗಾಡಿ ಹೆಸರು ಬರೀರಿ’ ಎಂದು ಕಾಯಿದೆ ಮಾಡಿದರು. ಹೀಗಾಗಿ ಅಲ್ಲಿ ಒಬ್ಬರು ‘ಹಸಿರು ಅಟ್ಲಾಸ್’, ಒಬ್ಬರು ‘ಎರಡು ಕ್ಯಾನು’, ಇನ್ನೊಬ್ಬರು ‘ಲೇಡೀಸ್’.

ಏನು ಬರೆಯುತ್ತಾರೆ ಎಂದು ಕೇಳುತ್ತೀಯಾ? ಏನೂ ಇಲ್ಲ, ಕಸ್ತೂರಿ. ಅದೇ ಅದರ ಸೊಗಸು. ಚೈನಿಗೆ ಕೊಬ್ಬರಿ ಎಣ್ಣೆ ಹಾಕಬಹುದೇ? ಹಾಕಿದರೆ ಇರುವೆ ಬರುತ್ತವೆ. ಗಾಣಗಾಪುರದ ದಾರಿಯ ಸಿಡಿ ಮೋರಿಯ ಮೇಲಿನ ನಾಯಿ ಎಡಗಾಲನ್ನೇ ಏಕೆ ಹಿಡಿಯುತ್ತದೆ? ಏಳು ತೇಪೆ ಹಾಕಿದ ಟ್ಯೂಬನ್ನು ಟ್ಯೂಬು ಎನ್ನಬೇಕೋ ಕೌದಿ ಎನ್ನಬೇಕೋ? ಮುಂದಿನ ಬ್ರೇಕು ಬೇಕೇ ಬೇಡವೇ ಎಂಬ ಮಾತು ಹನ್ನೊಂದು ಪುಟ ನಡೆದಿದೆ, ಇನ್ನೂ ತೀರ್ಮಾನವಾಗಿಲ್ಲ.

ಹೋದ ಆಗಸ್ಟಿನಲ್ಲಿ, ಮಲಂಗಸಾಬರು ಪೆಡಲ್ ಬಿಗಿ ಮಾಡುತ್ತಿದ್ದಾಗ, ನಾನೂ ಒಂದು ಸಾಲು ಬರೆದೆ. ಕೌದಿ ಎಂದರೆ ಕೌದಿಗೆ ಅವಮಾನ, ಅದರಲ್ಲಿ ಗಾಳಿ ಹೋಗುವುದಿಲ್ಲ ಎಂದು. ಕೆಳಗೆ ‘ಕರಿ ಹೀರೋ’ ಎಂದು ಹಾಕಿದೆ. ವಾರ ಬಿಟ್ಟು ಹೋದಾಗ ನಾಲ್ಕು ಉತ್ತರ ಇದ್ದವು. ಎಲ್ಲದರಲ್ಲೂ ‘ಕರಿ ಹೀರೋ ಅಣ್ಣ’.

ತಿದ್ದಬೇಕಿತ್ತು, ತಿದ್ದಲಿಲ್ಲ. ನಾನು ಎಲ್ಲಿ ಹೋದರೂ ಮೊದಲ ಪ್ರಶ್ನೆ ಗಂಡ ಏನು ಮಾಡುತ್ತಾನೆ, ಎರಡನೆಯದು ಮಕ್ಕಳೆಷ್ಟು, ಮೂರನೆಯದು ಏಕಿಲ್ಲ. ಆ ಬುಕ್ಕಿನಲ್ಲಿ ಮಾತ್ರ ನನ್ನನ್ನು ಎದುರುಗಾಳಿಗೆ ಉಪಾಯವೇನು ಎಂದು ಕೇಳುತ್ತಿದ್ದರು. ಹೇಳಿದರೆ ಕೇಳುತ್ತಿದ್ದರು ಕೂಡ. ಅದನ್ನು ಕಳೆದುಕೊಳ್ಳುವ ಧೈರ್ಯ ನನಗಿರಲಿಲ್ಲ.

ಒಂದು ಸುಳ್ಳಿಗೆ ಹತ್ತು ಸುಳ್ಳಿನ ಆಸರೆ ಬೇಕಂತೆ. ನನಗೆ ಒಂದೇ ಸಾಕಾಯಿತು, ಆದರೆ ಅದು ದೊಡ್ಡದು. ‘ಲೇಡೀಸ್’ ಒಮ್ಮೆ, ಉಟ್ಟ ಬಟ್ಟೆ ಚೈನಿಗೆ ಸಿಕ್ಕು ಹರಿಯುತ್ತದೆ, ಏನು ಮಾಡಲಿ ಎಂದು ಬರೆದಿದ್ದರು. ಪಾಪ, ನನ್ನ ಹಾಗೆಯೇ ಸೀರೆಯ ಕಷ್ಟ ಎಂದುಕೊಂಡೆ. ಹಳೆಯ ಟ್ಯೂಬಿನ ಪಟ್ಟಿ ಕತ್ತರಿಸಿ ಮೀನಖಂಡಕ್ಕೆ ಹಾಕಿ ನೆರಿಗೆ ಅದರೊಳಗೆ ಸಿಕ್ಕಿಸಿರಿ ಎಂದು ಬರೆದೆ. ಇದೆಲ್ಲ ಗಂಡಸಿಗೆ ಹೇಗೆ ಗೊತ್ತು ಎಂದು ಯಾರಾದರೂ ಕೇಳಿಯಾರೆಂದು, ‘ನಮ್ಮ ಮನೆಯವಳು ಹೀಗೆ ಮಾಡುತ್ತಾಳೆ’ ಎಂದು ಸೇರಿಸಿದೆ. ಆಯಿತು, ನನಗೊಬ್ಬ ಹೆಂಡತಿ ಬಂದಳು! ಅಂದಿನಿಂದ ಎಲ್ಲರೂ ‘ವೈನಿ ಹೇಗಿದ್ದಾರೆ, ವೈನಿಗೆ ನಮಸ್ಕಾರ’ ಎಂದು ಬರೆಯತೊಡಗಿದರು. ಡಿಸೆಂಬರಿನಲ್ಲಿ ಕ್ಯಾಂಪು ಇದ್ದು ಹದಿನೈದು ದಿನ ಹೋಗಲಾಗಲಿಲ್ಲ. ಮನೆಯವಳಿಗೆ ಜ್ವರ, ಇನ್ನೂ ಬಿಟ್ಟಿಲ್ಲ ಎಂದು ಬರೆದು ತಪ್ಪಿಸಿಕೊಂಡೆ.

ಜನವರಿ ಕೊನೆಗೆ ‘ಎರಡು ಕ್ಯಾನು’ ಬರೆದ: ಎಲ್ಲರೂ ಒಮ್ಮೆ ಮುಖ ನೋಡೋಣ, ಫೆಬ್ರುವರಿ ಒಂಬತ್ತು, ರವಿವಾರ, ಹತ್ತು ಗಂಟೆಗೆ. ಹೋದರೆ ಬುಕ್ಕು ಕೈತಪ್ಪುತ್ತದೆ. ಹೋಗದಿದ್ದರೆ ಆ ಅಟ್ಲಾಸಿಗೆ ಮೀಸೆ ಇದೆಯೋ ಇಲ್ಲವೋ, ಆ ಕ್ಯಾನಿನವನು ನಿಜಕ್ಕೂ ನಾನು ಎಣಿಸಿಕೊಂಡಷ್ಟು ದಪ್ಪಗಿದ್ದಾನೋ, ಯಾವುದೂ ಗೊತ್ತಾಗುವುದಿಲ್ಲ. ನನ್ನ ಕುತೂಹಲ ನಿನಗೆ ಗೊತ್ತಿಲ್ಲದ್ದೇನಲ್ಲ, ವಾರ್ಡನ್ನಿನ ಟ್ರಂಕಿನಲ್ಲಿ ಏನಿದೆ ಎಂದು ನೋಡಲು ಹೋಗಿ ಸಿಕ್ಕಿಬಿದ್ದವಳು ನಾನು. ಕೊನೆಗೆ, ‘ಲೇಡೀಸ್’ ಬರುತ್ತಾಳಲ್ಲ, ಇನ್ನೊಂದು ಹೆಣ್ಣುಜೀವ ಇದ್ದರೆ ಏನಾದರೂ ಮಾಡಬಹುದು ಎಂದು ಧೈರ್ಯ ಮಾಡಿದೆ.

ಹೋಗಿ ನೋಡಿದರೆ ಲೇಡೀಸ್ ಸೈಕಲ್ಲಿನ ಪಕ್ಕದಲ್ಲಿ ಅರವತ್ತು ದಾಟಿದ ಮುದುಕರೊಬ್ಬರು ನಿಂತಿದ್ದರು! ಧೋತರ ಉಟ್ಟು, ಕಾಲಿಗೆ ಟ್ಯೂಬಿನ ಪಟ್ಟಿ ಹಾಕಿ, ಧೋತರದ ನೆರಿಗೆ ಅದರೊಳಗೆ ಸಿಕ್ಕಿಸಿದ್ದರು. ಹೆಸರು ಹಣಮಂತರಾಯ, ಗಾಣಗಾಪುರಕ್ಕೆ ದಿನವೂ ಹೂವು ಒಯ್ಯುವವರು. ಬಿದ್ದು ಸೊಂಟ ನೋವಾದ ಮೇಲೆ ದಂಡಿಗೆ ದಾಟಿ ಕಾಲು ಎತ್ತಲು ಬಾರದೆ ಲೇಡೀಸ್ ಸೈಕಲ್ಲು ಕೊಂಡರಂತೆ. ನಾಲ್ಕು ವರ್ಷದಿಂದ ಎಲ್ಲರೂ ಅವರಿಗೆ ‘ಅಕ್ಕಾ’ ಎಂದು ಬರೆಯುತ್ತಿದ್ದರು. ಉಳಿದಿಬ್ಬರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ‘ಹಸಿರು ಅಟ್ಲಾಸ್’ ಎಂದರೆ ಶಾಲೆಯ ದೊಡ್ಡಪ್ಪ ಮಾಸ್ತರು, ಮೀಸೆ ಇಲ್ಲ. ‘ಎರಡು ಕ್ಯಾನು’ ಹಾಲಿನ ಸೈದಪ್ಪ, ಕಡ್ಡಿಯ ಹಾಗೆ ಇದ್ದಾನೆ.

ನಾನು ಸೈಕಲ್ಲನ್ನು ಗಿಡಕ್ಕೆ ಆನಿಸಿ ಸುಮ್ಮನೆ ನಿಂತೆ. ಸೈದಪ್ಪ ಮೊದಲು ಸೈಕಲ್ಲನ್ನು ನೋಡಿದ, ಆಮೇಲೆ ನನ್ನನ್ನು. ಎರಡೂ ಕೈ ಜೋಡಿಸಿ, ‘ಬರ್ರಿ ವೈನಿ, ಬರ್ರಿ! ಅಣ್ಣ ಬರಲಿಲ್ಲೇನ್ರಿ? ಜ್ವರಾ ಬಿಟ್ಟಾವಲ್ರಿ ನಿಮಗ?’ ಎಂದ.

ನೋಡು ಕಸ್ತೂರಿ, ಸೈಕಲ್ಲಿನಿಂದ ಮನುಷ್ಯರನ್ನು ಗುರುತಿಸುವವರು ಮಾಡುವ ತಪ್ಪು ಇಂಥದ್ದು. ಈಗಷ್ಟೇ ‘ಅಕ್ಕ’ನ ವಿಷಯದಲ್ಲಿ ಬೇಸ್ತು ಬಿದ್ದಿದ್ದರೂ ಬುದ್ಧಿ ಬರಲಿಲ್ಲ. ನನಗೂ ತಪ್ಪಿಸಿಕೊಳ್ಳಲು ಅದು ಸುಲಭದ ದಾರಿಯಾಯಿತು. ‘ಅವರಿಗೆ ಕೆಲಸ ಬಂತ್ರಿ’ ಎಂದು ಬೆಂಚಿನ ಮೇಲೆ ಕೂತುಬಿಟ್ಟೆ. ಮಲಂಗಸಾಬರು ತಲೆ ಎತ್ತದೆ ಸ್ಪೋಕು ಬಿಗಿ ಮಾಡುತ್ತಲೇ ಇದ್ದರು. ನನ್ನ ಸೀಟು ಇಳಿಸಿಕೊಟ್ಟವರೇ ಅವರು, ಅವರಿಗೆ ಮೊದಲ ದಿನದಿಂದಲೂ ಗೊತ್ತಿತ್ತು.

ಒಂದು ತಾಸು ನಾನು ನನ್ನದೇ ಹೆಂಡತಿಯಾಗಿ ಚಹಾ ಕುಡಿದೆ. ಅವರು ಅಣ್ಣನನ್ನು ಹೊಗಳಿದರು. ‘ನಿಮ್ಮ ಮನಿಯವರಷ್ಟು ಶಾಣ್ಯಾ ಮನಿಷ್ಯಾ ಈ ರಸ್ತಾದಾಗ ಇಲ್ರಿ’ ಎಂದರು ದೊಡ್ಡಪ್ಪ ಮಾಸ್ತರು. ನನ್ನ ಬಗ್ಗೆ ಯಾರೂ ಅಷ್ಟು ಒಳ್ಳೆಯ ಮಾತು ಆಡಿದ್ದನ್ನು ನಾನು ಕೇಳಿಲ್ಲ, ಅದೂ ಕೂಡ ಬೇರೊಬ್ಬನ ಲೆಕ್ಕಕ್ಕೆ ಹೋಯಿತು. ಆಗ ಹಣಮಂತರಾಯರು ಮೆಲ್ಲಗೆ, ‘ತಾಯಿ, ನಿಮ್ಮ ಜ್ವರಾ ಇಳೀಲಿ ಅಂತ ಎರಡು ಗುರುವಾರ ದತ್ತಗ ಹೂ ಏರಿಸೇನ್ರಿ’ ಎಂದರು.

ನಾನು ಚಹಾ ಕೆಳಗಿಟ್ಟೆ. ಬುಕ್ಕು ಉಳಿಸಿಕೊಳ್ಳಬೇಕೆಂದು ಸುಳ್ಳು ಹೇಳಿದ್ದೆ ನಿಜ, ಆದರೆ ಆ ಸುಳ್ಳಿಗಾಗಿ ಒಬ್ಬ ಸೊಂಟ ನೋವಿನ ಮುದುಕ ದೇವರ ಮುಂದೆ ನಿಂತಿದ್ದ. ನಾಚಿಕೆಯಾಯಿತು. ಪೆನ್ಸಿಲ್ಲು ಹಿಡಿದು ಬುಕ್ಕಿನಲ್ಲಿ ಬರೆದೆ: ‘ಜ್ವರ ಯಾರಿಗೂ ಬಂದಿರಲಿಲ್ಲ. ತಪ್ಪಾಯಿತು. ಕರಿ ಹೀರೋ.’

ಮಾಸ್ತರು ಓದಿದರು. ಅಕ್ಷರ ನೋಡಿದರು, ಹಿಂದಿನ ಪುಟ ತಿರುವಿದರು, ಮತ್ತೆ ನೋಡಿದರು. ಆರು ತಿಂಗಳಿಂದ ಓದಿದ ಅಕ್ಷರ ಅದು. ಮುಖ ಬಿಗಿಯಾಯಿತು. ಸೈದಪ್ಪನಿಗೂ ನಿಧಾನಕ್ಕೆ ಹೊಳೆಯಿತು. ‘ಹಂಗಾದ್ರ ವೈನಿ ಯಾರ್ರಿ?’ ಎಂದ.

‘ಯಾರೂ ಇಲ್ರಿ’ ಎಂದೆ. ಹಣಮಂತರಾಯರು ಹೂವಿನ ಬುಟ್ಟಿಯನ್ನು ಕ್ಯಾರಿಯರಿಗೆ ಕಟ್ಟಿಕೊಂಡು ಹೊರಟೇಬಿಟ್ಟರು.

ಎರಡು ವಾರ ಚೌಡಾಪುರದ ಕಡೆ ಸುಳಿಯಲಿಲ್ಲ. ಹಿಂದಿನ ಗಾಲಿ ಟಕ್ ಟಕ್ ಎನ್ನುತ್ತಿತ್ತು, ಅನ್ನಲಿ ಎಂದು ಬಿಟ್ಟೆ. ಆದರೆ ಬುಕ್ಕಿನಲ್ಲಿ ಏನು ಬರೆದಿದ್ದಾರೆ ಎಂಬ ಯೋಚನೆ ಬಿಡಬೇಕಲ್ಲ? ಒಂದು ಹೆರಿಗೆ ಮಾಡಿಸುವಾಗಲೂ ಅದೇ ತಲೆಯಲ್ಲಿತ್ತು, ದೇವರು ಕ್ಷಮಿಸಲಿ. ನಿನ್ನೆ ಶನಿವಾರ ಹೋಗಿಯೇಬಿಟ್ಟೆ. ಮಲಂಗಸಾಬರು ಗಾಲಿ ಬಿಚ್ಚುತ್ತ, ‘ಓದ್ರಿ ಬಾಯಿ, ನಿಮ್ಮುದೇ ಪಂಚಾಯ್ತಿ ನಡದದ’ ಎಂದರು.

ಮೊದಲು ಎರಡು ದಿನ ಯಾರೂ ಏನೂ ಬರೆದಿರಲಿಲ್ಲ. ಮೂರನೆಯ ದಿನ ಮಾಸ್ತರ ದುಂಡು ಅಕ್ಷರ: ಸುಳ್ಳು ಹೇಳಿದವರಿಗೆ ಈ ಬುಕ್ಕಿನಲ್ಲಿ ಜಾಗ ಕೊಡಬಾರದು, ‘ಕರಿ ಹೀರೋ’ ಬರೆದಿದ್ದನ್ನೆಲ್ಲ ಹೊಡೆದು ಹಾಕಬೇಕು. ಅದರ ಕೆಳಗೆ ಹಣಮಂತರಾಯರು ಸೊಟ್ಟ ಅಕ್ಷರದಲ್ಲಿ ಬರೆದಿದ್ದರು: ‘ನಾಲ್ಕು ವರ್ಷ ನನಗ ಅಕ್ಕಾ ಅಂದ್ರಿ, ನಾ ಸುಮ್ಮನ ಕುಂತೆ. ಯಾಕಂದ್ರ ಅಕ್ಕಾ ಅಂದವರು ನನ್ನ ಬೈತಿದ್ದಿಲ್ಲ. ಹೊಡಿಯೂದಿದ್ರ ಮೊದಲ ನನ್ನುದು ಹೊಡೀರಿ.’

ಓದುತ್ತಿದ್ದಂತೆ ನನಗೆ ಅಳು ಬಂತು. ಮಲಂಗಸಾಬರು ಸುಮ್ಮನೆ ಗಾಲಿಯ ಕಡೆ ಮುಖ ಮಾಡಿದರು. ಮುಂದಿನ ಎಂಟು ದಿನ ಮಾಸ್ತರದು ಏನೂ ಇರಲಿಲ್ಲ. ಸೈದಪ್ಪ ಮಾತ್ರ ದಿನವೂ ಹಾಲಿನ ಹೊತ್ತಿಗೆ, ಈಗ ಏನಂತ ಕರೆಯಬೇಕು, ಯಾರಾದರೂ ಹೇಳಿರಿ ಎಂದು ಬರೆದಿದ್ದ. ಒಂಬತ್ತನೆಯ ದಿನ, ಅಂದರೆ ಮೊನ್ನೆ ಶುಕ್ರವಾರ, ಮಾಸ್ತರು ಬರೆದದ್ದು ಇಷ್ಟೇ: ‘ಎರಡನೆಯ ಸಿಡಿಯ ಆಚೆ ಜಾಲಿ ಕಡಿದು ರಸ್ತೆಗೆ ಹಾಕಿದ್ದಾರೆ. ಕರಿ ಹೀರೋ ಆ ಕಡೆ ಬರುವುದಾದರೆ ಎಡಗಡೆ ಹಿಡಿದು ಬರತಕ್ಕದ್ದು.’

ಅಣ್ಣ ಎಂದೂ ಇಲ್ಲ, ಬಾಯಿ ಎಂದೂ ಇಲ್ಲ. ನಾನು ಕಣ್ಣೊರೆಸಿಕೊಂಡು, ಬರುವಾಗಲೇ ಮುಳ್ಳು ನೋಡಿದೆ, ದೊಡ್ಡದನ್ನು ಬದಿಗೆ ಎಳೆದು ಹಾಕಿ ಬಂದಿದ್ದೇನೆ ಎಂದು ಬರೆದೆ. ಆಮೇಲೆ ಟಾರ್ ರಸ್ತೆಯ ಮೇಲೆಯೇ, ಅಂಗಡಿಯ ಬೆಂಚಿಗೆ ಕಾಲಿಟ್ಟು ಸೈಕಲ್ಲು ಏರಿದೆ. ಬಸ್ಸಿಗೆ ಕಾಯುತ್ತಿದ್ದವರು ನೋಡಿದರು. ಇಬ್ಬರು ನಕ್ಕರು. ಎದುರುಗಾಳಿ ಬಹಳ ಇತ್ತು, ಮನೆ ಮುಟ್ಟಲು ಒಂದು ತಾಸು ಹಿಡಿಯಿತು.

ಇಷ್ಟೇ ನನ್ನ ಸುದ್ದಿ. ಅವ್ವನಿಗೆ ನನ್ನ ನಮಸ್ಕಾರ ತಿಳಿಸು. ಬೇಗ ಉತ್ತರ ಬರೆ, ಬೈಯುವುದಿದ್ದರೆ ಅರ್ಧ ಪುಟದಲ್ಲಿ ಮುಗಿಸು.

ಇಂತಿ ನಿನ್ನ,
ಗುರುಬಾಯಿ

ತಾ.ಕ.: ಒಂದು ಮಾತು ಮೇಲೆ ಬರೆಯಲು ಕೈ ಬರಲಿಲ್ಲ. ವೈನಿಯ ಹೆಸರೇನು ಎಂದು ಹಣಮಂತರಾಯರು ಡಿಸೆಂಬರಿನಲ್ಲಿ ಬುಕ್ಕಿನಲ್ಲಿ ಕೇಳಿದ್ದರು, ಹೂ ಏರಿಸಲಿಕ್ಕೆಂದು ಆಗ ನನಗೆ ಗೊತ್ತಿರಲಿಲ್ಲ. ಕಾಯಿದೆ ಮುರಿದು ನಾನು ಕಸ್ತೂರಿಬಾಯಿ ಎಂದು ಬರೆದೆ. ತಡವಾದರೆ ದಾರಿ ನೋಡುವವರು, ಊಟ ಆಯಿತೇ ಎಂದು ಕೇಳುವವರು ಎಂದರೆ ನನಗೆ ಬೇರೆ ಹೆಸರೇ ಹೊಳೆಯಲಿಲ್ಲ. ಸಿಟ್ಟಾಗಬೇಡ. ಡಿಸೆಂಬರಿನಲ್ಲಿ ನಿನಗೆ ನಿಜವಾಗಿ ಜ್ವರ ಏನಾದರೂ ಬಂದಿತ್ತೇ? ತಪ್ಪದೆ ಬರೆದು ತಿಳಿಸು.