ರಾಣಿಯ ಇಂದಿನ ಫೋಟೊ

ಮಾರ್ಚ್ ೯, ಭಾನುವಾರ

ಹೊಟ್ಟೆಯುರಿ ಇನ್ನೂ ತಣಿದಿಲ್ಲ.

ನಮ್ಮ ನಾಟಕ ತಂಡಕ್ಕೆ ಮೂವತ್ತು ವರ್ಷ ತುಂಬಿತು. ಇವತ್ತಿನ ಸಮಾರಂಭದಲ್ಲಿ ಗೋಡೆಯ ಮೇಲೆ ಎಲ್ಲರ ಅಂದಿನ ಫೋಟೊ, ಪಕ್ಕದಲ್ಲಿ ಇಂದಿನದು. ನನ್ನದು ಮಾತ್ರ ಇಲ್ಲ. ಎರಡನ್ನೂ ತೆಗೆದವನು ನಾನೇ. "ನೀನು ಕ್ಯಾಮೆರಾ ಹಿಂದೆ ಇದ್ರೇನೇ ಚೆಂದ ಕಣೋ" ಎಂದು ಅಂದು ರಾಣಿಯ ಪಾತ್ರ ಮಾಡಿದ್ದವಳು ಎಲ್ಲರೆದುರು ನಕ್ಕಿದ್ದಳು.

ಅದಕ್ಕೇ ಈ ಸಲ ಫೋಟೊ ತೆಗೆಯುವಾಗ ಅವಳೊಬ್ಬಳಿಗೆ ನೆತ್ತಿಯ ಮೇಲಿಂದ ಲೈಟು ಬಿಟ್ಟೆ. ಕಣ್ಣ ಕೆಳಗೆ ಗುಂಡಿ ಬಿತ್ತು, ಒಂದೊಂದು ಸುಕ್ಕೂ ಎದ್ದು ಕಂಡಿತು. ಇವತ್ತು ಅವಳು ಅಳುವುದನ್ನು ನೋಡಲೆಂದೇ ಪಕ್ಕದಲ್ಲಿ ಕಾದು ನಿಂತಿದ್ದೆ.

"ಅಯ್ಯೋ, ಥೇಟ್ ನಮ್ಮಮ್ಮ" ಎಂದು ಫ್ರೇಮಿನ ಮೇಲೆ ಕೈಯಾಡಿಸಿದಳು. "ಮನೇಲಿ ಅಮ್ಮಂದು ಒಂದು ಫೋಟೋನೂ ಇಲ್ಲ. ನಂಗೊಂದು ಪ್ರಿಂಟ್ ಹಾಕ್ಕೊಡ್ತೀಯಾ?"

ಕೊಡ್ತೀನಿ ಎಂದೆ. ಮನೆಗೆ ಬಂದವನೇ ಆ ಫೈಲ್ ಅಳಿಸಿದೆ. ಗೋಡೆಯ ಮೇಲಿನದನ್ನು ನಾಳೆ ಇಳಿಸುವವನೂ ನಾನೇ.